ಬೆಳಗಾವಿಯ ಓಣಿಯಿಂದ ಜೂನಿಯರ್ ಗಾಲ್ಫ್ ಟೂರ್ನಿಯವರೆಗೆ: ಪೋಷಕರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಊರಿನಲ್ಲಿ ಗಾಲ್ಫ್ ಮೈದಾನವೊಂದಿದೆ ಎಂಬುದು ಬೆಳಗಾವಿಯ ಬಹಳಷ್ಟು ಜನರಿಗೆ ಗೊತ್ತಾದದ್ದು ಚಿರತೆಯ ದೆಸೆಯಿಂದ. 2022ರ ಆಗಸ್ಟ್‌ನಲ್ಲಿ ರೇಸ್‌ಕೋರ್ಸ್ ಭಾಗದ ಆ ಮೈದಾನದ ಪೊದೆಗಳೊಳಗೆ ಚಿರತೆ ಸೇರಿಕೊಂಡಿತು. ಸುತ್ತಲಿನ ಶಾಲೆಗಳಿಗೆ ದಿನಗಟ್ಟಲೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆಗಳನ್ನು ತರಿಸಿ ಹುಡುಕಿದರು. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ರಜೆಯ ಸಂಭ್ರಮ ಮುಗಿದ ಮೇಲೆ ಒಂದು ದಿನ ಕೇಳಿದಳು: "ಅಪ್ಪಾ, ಚಿರತೆ ಇಲ್ಲದಾಗ ಅಲ್ಲಿ ಏನು ಮಾಡುತ್ತಾರೆ?"

ನನಗೂ ಗೊತ್ತಿರಲಿಲ್ಲ. ಹಿಂದಿನ ಓಣಿಯ ನಿವೃತ್ತ ಸುಬೇದಾರರಿಗೆ ಗೊತ್ತಿತ್ತು. ಸೇವೆಯಲ್ಲಿದ್ದಾಗ ಬೇರೆ ಬೇರೆ ಊರುಗಳ ಸೇನಾ ಮೈದಾನಗಳಲ್ಲಿ ಆಡಿ ಬಂದವರು ಅವರು. ಅವಳ ಪ್ರಶ್ನೆಗೆ ಉತ್ತರ ಹೇಳುವ ಬದಲು ಅಟ್ಟದಿಂದ ಹಳೆಯ ಪಟರ್ ಒಂದನ್ನು, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಕೋಲನ್ನು, ಇಳಿಸಿ ಕೈಗೆ ಕೊಟ್ಟರು. ಅಲ್ಲಿಂದ ಶುರುವಾದದ್ದು ನಮ್ಮನ್ನು ಬೆಂಗಳೂರಿನ ಟೂರ್ನಿಗಳವರೆಗೆ ತಂದಿದೆ. ಕೇಳಿಕೊಂಡು ಬರುವ ಪೋಷಕರಿಗೆ ಪ್ರತಿ ಸಲ ಬಾಯಿಮಾತಿನಲ್ಲಿ ಹೇಳುವುದು ಕಷ್ಟವಾಗಿ, ಈಗ ಬರೆದೇ ಇಡುತ್ತಿದ್ದೇನೆ. ನಾನು ತರಬೇತುದಾರನಲ್ಲ, ಶಹಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವನು. ಹಾಗಾಗಿ ಕೋಲು ಹಿಡಿಯುವ ಬಗೆ, ಸೊಂಟ ತಿರುಗಿಸುವ ಬಗೆ ಇಲ್ಲಿಲ್ಲ. ಹೊಡೆಯುವುದನ್ನು ಕೋಚ್ ಕಲಿಸುತ್ತಾರೆ, ಎಣಿಸುವುದನ್ನು ಮನೆಯವರು ಕಲಿಸಬೇಕು. ಟೂರ್ನಿಯಲ್ಲಿ ಮಕ್ಕಳು ಮುಗ್ಗರಿಸುವುದು ಹೆಚ್ಚಾಗಿ ಈ ಎರಡನೆಯದರಲ್ಲಿ.

ಮೊದಲು ಮೈದಾನದ ಬಾಗಿಲು

ಸೇನೆಯ ಕ್ಯಾಂಪ್ ಭಾಗದಲ್ಲಿ ಯಾವ ಗೇಟಿನೊಳಗೆ ಹೋಗುವುದಿದ್ದರೂ ಕೇಳಿಕೊಂಡೇ ಹೋಗಬೇಕು ಎಂಬುದು ಬೆಳಗಾವಿಯವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಮೈದಾನದ ಕಚೇರಿಗೆ ಖುದ್ದಾಗಿ ಹೋಗಿ, ಮಗುವಿನ ಆಧಾರ್, ಜನನ ಪ್ರಮಾಣಪತ್ರ ಮತ್ತು ಫೋಟೋ ಜೊತೆಗಿಟ್ಟುಕೊಂಡು ಮೂರು ಪ್ರಶ್ನೆ ಕೇಳಿ. ಮಕ್ಕಳಿಗೆ ಪ್ರವೇಶ ಯಾವ ಷರತ್ತಿನ ಮೇಲೆ? ಯಾವ ದಿನ, ಯಾವ ಹೊತ್ತು? ಜೊತೆಗೆ ಯಾರಿರಬೇಕು? ಫೋನಿನಲ್ಲಿ ಕೇಳಿದರೆ "ಇಲ್ಲ" ಎನ್ನುವವರು, ಎದುರಿಗೆ ಮಗು ನಿಂತಿದ್ದರೆ "ನೋಡೋಣ" ಎನ್ನುತ್ತಾರೆ.

ಅಲ್ಲಿ ಅವಕಾಶವಾಗುವುದು ತಡವಾದರೆ ವ್ಯಾಕ್ಸಿನ್ ಡಿಪೋ ಮೈದಾನಕ್ಕೋ ಶಾಲೆಯ ಬಯಲಿಗೋ ನಿಜವಾದ ಗಾಲ್ಫ್ ಚೆಂಡು ಒಯ್ಯಬೇಡಿ. 46 ಗ್ರಾಂ ತೂಕದ ಆ ಚೆಂಡು ಬೆಳಗಿನ ವಾಕಿಂಗ್‌ನವರ ತಲೆಗೆ ತಾಗಿದರೆ ಗಾಲ್ಫ್ ಅಲ್ಲಿಗೇ ಮುಗಿಯುತ್ತದೆ. ತೂತುಗಳಿರುವ ಹಗುರವಾದ ಪ್ಲಾಸ್ಟಿಕ್ ಚೆಂಡು ಸಿಗುತ್ತದೆ. ಮೊದಲ ಮೂರು ತಿಂಗಳಿಗೆ, ಟೆರೇಸಿನ ಮೇಲೆ, ಅಷ್ಟು ಸಾಕು.

ಕೋಲುಗಳ ವಿಷಯ

ಇಲ್ಲಿ ನಾನು ಮಾಡಿದ ತಪ್ಪನ್ನೇ ಹೇಳಿಬಿಡುತ್ತೇನೆ. ದೊಡ್ಡವರ ಹಳೆಯ ಸೆಟ್ ಒಂದು ಅಗ್ಗಕ್ಕೆ ಸಿಕ್ಕಿತು. ಅಂಗಡಿಯಲ್ಲಿ ಪೈಪ್ ಕತ್ತರಿಸುವ ಗರಗಸವಿತ್ತು, ಕೋಲುಗಳನ್ನು ಮೋಟು ಮಾಡಿದೆ. ಉದ್ದ ಸರಿಹೋಯಿತು, ತೂಕ ಹಾಗೆಯೇ ಉಳಿಯಿತು. ಕತ್ತರಿಸಿದ ಕೋಲು ಬಿದಿರಿನಂತೆ ಸೆಟೆದುಕೊಂಡಿರುತ್ತದೆ, ತುದಿಯ ಭಾರವನ್ನು ಎತ್ತಲು ಮಗು ಇಡೀ ಮೈ ಬಳಸಬೇಕಾಗುತ್ತದೆ. ನಾಲ್ಕು ತಿಂಗಳಲ್ಲಿ ಕಲಿತ ಆ ಕೆಟ್ಟ ರೂಢಿಯನ್ನು ಬಿಡಿಸಲು ಕೋಚ್‌ಗೆ ಒಂದು ವರ್ಷ ಹಿಡಿಯಿತು.

ಮಕ್ಕಳ ಕೋಲನ್ನು ಕೊಳ್ಳಬೇಕಾದದ್ದು ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ. ಯುಎಸ್ ಕಿಡ್ಸ್‌ನಂಥ ಕಂಪನಿಗಳು ಎತ್ತರದ ಲೆಕ್ಕದಲ್ಲೇ ಅಳತೆ ಕೊಡುತ್ತವೆ. ನಿಯಮದ ಪ್ರಕಾರ ಚೀಲದಲ್ಲಿ 14 ಕೋಲುಗಳವರೆಗೆ ಇರಬಹುದು, ಹತ್ತು ವರ್ಷದ ಮಗುವಿಗೆ ಆರು ಧಾರಾಳ: ದೂರಕ್ಕೆ ಒಂದು ವುಡ್, ಒಂದು ಹೈಬ್ರಿಡ್, 7 ಮತ್ತು 9ನೇ ಐರನ್, ಒಂದು ಸ್ಯಾಂಡ್ ವೆಜ್, ಒಂದು ಪಟರ್. ಬಳಸಿದ ಸೆಟ್ ತೆಗೆದುಕೊಳ್ಳಿ. ಮಕ್ಕಳು ಬೆಳೆಯುವ ವೇಗಕ್ಕೆ ಯಾವ ಸೆಟ್ಟೂ ಸವೆಯುವಷ್ಟು ಕಾಲ ಒಂದೇ ಮನೆಯಲ್ಲಿ ಇರುವುದಿಲ್ಲ. ನಮ್ಮ ಮನೆಯಲ್ಲಿ ಯುಗಾದಿಗೊಮ್ಮೆ, ದಸರೆಗೊಮ್ಮೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆಯುತ್ತೇವೆ. ಮೂರು ಇಂಚು ಏರಿದ್ದರೆ ಮುಂದಿನ ಸೆಟ್ ಹುಡುಕಲು ಶುರು.

ಶೂ, ಟೋಪಿ, ಬಟ್ಟೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕಾಲರ್ ಇರುವ ಅಂಗಿ ಎರಡಿರಲಿ, ಬಹುತೇಕ ಕ್ಲಬ್‌ಗಳು ಅದನ್ನು ಕೇಳುತ್ತವೆ.

ಕುಳಿಯಿಂದ ಹಿಂದಕ್ಕೆ ನಡೆಯಿರಿ

ಮಗುವನ್ನು ಕರೆದುಕೊಂಡು ಹೋದ ಮೊದಲ ದಿನವೇ ಎಲ್ಲ ಅಪ್ಪಂದಿರೂ ಮಾಡುವ ಕೆಲಸ ಒಂದಿದೆ. ಮೊದಲ ಹೊಡೆತದ ಜಾಗವಾದ ಟೀಗಳಲ್ಲಿ ಅತಿ ದೂರದ ಗುರುತಿನಲ್ಲಿ ನಿಲ್ಲಿಸಿ "ಹೊಡೆ" ಎನ್ನುತ್ತಾರೆ. ಟೀಯಿಂದ ಕುಳಿಯವರೆಗಿನ ಒಂದು ಹಂತಕ್ಕೆ ಹೋಲ್ ಎನ್ನುತ್ತಾರೆ. 400 ಗಜದ ಹೋಲ್ ಮುಗಿಸುವಷ್ಟರಲ್ಲಿ ಮಗು ಹದಿಮೂರು ಹೊಡೆತ ಹೊಡೆದಿರುತ್ತದೆ. ಹದಿಮೂರನ್ನು ಬರೆದುಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ಹೀಗೆ ಎಣಿಸದೆ ಆಡುವ ರೂಢಿ ಅಂದೇ ಬೀಳುತ್ತದೆ.

ಸುಬೇದಾರರು ತಿರುವುಮುರುವಾಗಿ ಕಲಿಸಿದರು. ಆಪರೇಷನ್ 36 ಎಂಬ ಹೆಸರಿನಲ್ಲಿ ಮಕ್ಕಳ ತರಬೇತಿಯಲ್ಲಿ ಚಾಲ್ತಿಯಲ್ಲಿರುವ ಕ್ರಮವೂ ಇದೇ ಎಂದು ನನಗೆ ಆಮೇಲೆ ತಿಳಿಯಿತು. ಪ್ರತಿ ಹೋಲ್‌ನಲ್ಲೂ ಕುಳಿಯಿಂದ 25 ಗಜ ದೂರದಲ್ಲಿ ಮಗುವನ್ನು ನಿಲ್ಲಿಸಿ ಒಂಬತ್ತು ಹೋಲ್ ಆಡಿಸಬೇಕು. ಗುರಿ 36 ಹೊಡೆತ, ಅಂದರೆ ಹೋಲ್‌ಗೆ ನಾಲ್ಕು. ಅದರೊಳಗೆ ಮುಗಿಸಿದ ದಿನ 50 ಗಜಕ್ಕೆ ಬಡ್ತಿ. ಆಮೇಲೆ 100, 150, 200, ಕೊನೆಗೆ ನಿಜವಾದ ಟೀ. ಮೊದಲ ದಿನದಿಂದಲೇ ಮಗು "36ಕ್ಕೆ ಎಷ್ಟು ಬಾಕಿ" ಎಂದು ಲೆಕ್ಕ ಹಾಕುತ್ತಾ ಆಡುತ್ತದೆ, ಟೂರ್ನಿಯಲ್ಲಿ ಬೇಕಾಗುವುದು ಅದೇ. 25 ಗಜದಿಂದ 50ಕ್ಕೆ ಹೋಗಲು ನಮಗೆ ಏಳು ವಾರ ಬೇಕಾಯಿತು. 100ರಲ್ಲಿ ಐದು ತಿಂಗಳು ಸಿಕ್ಕಿಕೊಂಡೆವು. ಜೊತೆಯ ಹುಡುಗನೊಬ್ಬ ಆಗಲೇ ದೊಡ್ಡವರ ಟೀಯಿಂದ ಹೊಡೆಯುತ್ತಿದ್ದ. ಅವನನ್ನು ನೋಡಿ ನನ್ನ ಹೊಟ್ಟೆ ಉರಿಯಿತೇ ಹೊರತು ಮಗಳದ್ದು ಉರಿಯಲಿಲ್ಲ.

ಒಂದು ಕಟ್ಟಳೆ: "ಬಿಡು, ಅದು ಬಿದ್ದ ಹಾಗೆಯೇ" ಎಂಬ ಮಾತು ಮೈದಾನದಲ್ಲಿ ಬರಕೂಡದು. ಗೆಳೆಯರ ಆಟದಲ್ಲಿ ಹತ್ತಿರದ ಪಟ್ ಅನ್ನು, ಅಂದರೆ ಕುಳಿಗೆ ಉರುಳಿಸುವ ಹೊಡೆತವನ್ನು, ಬಿಟ್ಟುಕೊಡುವುದು ವಾಡಿಕೆ. ಹೊಡೆತ ಎಣಿಸುವ ಟೂರ್ನಿಯಲ್ಲಿ ಒಂದು ಇಂಚಿನದನ್ನೂ ಕುಳಿಗೆ ಬೀಳಿಸಲೇಬೇಕು. ಬೀಳಿಸದೆ ಚೆಂಡೆತ್ತಿ ಮುಂದಿನ ಹೋಲ್ ಶುರುಮಾಡಿದರೆ ಅನರ್ಹತೆ.

ಮಳೆಗಾಲ ಮನೆಯೊಳಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ಮಳೆ ಯಾವ ವೇಳಾಪಟ್ಟಿಗೂ ಬಗ್ಗುವುದಿಲ್ಲ. ಈ ನಾಲ್ಕು ತಿಂಗಳು ಹಾಳಾಯಿತೆಂದು ಕೊರಗುವ ಪೋಷಕರಿದ್ದಾರೆ, ನನಗೆ ಮಾತ್ರ ಇದೇ ಬಂಗಾರದ ಕಾಲ. ಪಾರ್ ಎಂದರೆ ನುರಿತವರಿಗೆ ಬೇಕಾಗುವ ಹೊಡೆತಗಳ ಲೆಕ್ಕ. ಪಾರ್ 72ರ, ಹದಿನೆಂಟು ಹೋಲ್‌ಗಳ ಮೈದಾನದಲ್ಲಿ ಹೋಲ್‌ಗೆ ಎರಡು ಪಟ್ ಎಂದು ಹಿಡಿದೇ ಪಾರ್ ಕಟ್ಟಿರುತ್ತಾರೆ. ಅಂದರೆ ಲೆಕ್ಕದ ಅರ್ಧ, 36 ಹೊಡೆತ, ಕುಳಿಯ ಸುತ್ತಲಿನ ನುಣುಪು ಹುಲ್ಲಾದ ಗ್ರೀನ್ ಮೇಲಿನದೇ. ಅಷ್ಟನ್ನು ನಡುಮನೆಯಲ್ಲಿ ಕಲಿಯಬಹುದು.

ಶಹಾಬಾದ್ ಕಲ್ಲಿನ ನೆಲದ ಮೇಲೆ ಚೆಂಡು ಜಾರಿಹೋಗುತ್ತದೆ, ಬೇಡ. ನವಲಗುಂದದ ಜಮಖಾನೆ ಹಾಸಿ. ಅದರ ಪಟ್ಟೆಗಳೇ ನೇರ ಗೆರೆ. ಚೆಂಡು ಪಟ್ಟೆ ಬಿಟ್ಟು ಸರಿದರೆ ಮಗುವಿಗೇ ಕಾಣುತ್ತದೆ, ನೀವು ಬಾಯಿ ತೆರೆಯಬೇಕಿಲ್ಲ. ತುದಿಯಲ್ಲಿ ಒಂದು ತಂಬಿಗೆ ಅಡ್ಡ ಮಲಗಿಸಿ. ಮೂರು ಅಡಿಯಿಂದ ಸಾಲಾಗಿ ಹತ್ತು ಬೀಳಬೇಕು, ತಪ್ಪಿದರೆ ಮತ್ತೆ ಒಂದರಿಂದ. ನಾನು ಮೊದಲು ಇಪ್ಪತ್ತು ಎಂದು ಕಟ್ಟು ಹಾಕಿ, ಹದಿನೆಂಟಕ್ಕೆ ತಪ್ಪಿದ ರಾತ್ರಿ ಅವಳು ಊಟ ಬಿಟ್ಟು ಮಲಗಿದ ಮೇಲೆ ಹತ್ತಕ್ಕೆ ಇಳಿಸಿದೆ. ಅವಳ ಅವ್ವ ನನ್ನೊಡನೆ ಎರಡು ದಿನ ಮಾತಾಡಲಿಲ್ಲ. ಅದು ಸರಿಯಾಗಿಯೇ ಇತ್ತು.

ಇದೇ ಕಾಲದಲ್ಲಿ ಬೇರೆ ಆಟವೂ ನಡೆಯಲಿ: ಈಜು, ಖೋಖೋ, ಓಟ, ಏನಾದರೂ. ಒಂದೇ ಬದಿಗೆ ದಿನಕ್ಕೆ ಇನ್ನೂರು ಸಲ ತಿರುಗುವ ಮೈ ಎಳೆಯ ವಯಸ್ಸಿನಲ್ಲೇ ಬೆನ್ನುನೋವು ತಂದುಕೊಳ್ಳುತ್ತದೆ.

ನಿಯಮಗಳು: ಇಡೀ ಪುಸ್ತಕ ಬೇಡ, ಇಷ್ಟು ಬೇಕೇ ಬೇಕು

ಕ್ರಿಕೆಟ್‌ನಂತೆ ಇಲ್ಲಿ ಪ್ರತಿ ಚೆಂಡಿಗೂ ಅಂಪೈರ್ ನಿಂತಿರುವುದಿಲ್ಲ. ಹನ್ನೊಂದು ವರ್ಷದ ಮಗು ತನ್ನ ಮೇಲೆ ತಾನೇ ದಂಡ ಹಾಕಿಕೊಳ್ಳಬೇಕು. ಈ ಆಟದ ವಿಚಿತ್ರ ಇದು, ಸೊಗಸೂ ಇದೇ. ಈಗಿನ ನಿಯಮಗಳು 2019ರಲ್ಲಿ ಹೊಸ ರೂಪ ಪಡೆದು 2023ರಲ್ಲಿ ಒಂದಷ್ಟು ತಿದ್ದುಪಡಿಯಾದವು. ನಿಯಮ ರೂಪಿಸುವ ಆರ್ ಅಂಡ್ ಎ ಸಂಸ್ಥೆಯ ಉಚಿತ ಆ್ಯಪ್‌ನಲ್ಲಿ ಪೂರ್ತಿ ಸಿಗುತ್ತವೆ. ನಾನು ಮಗಳಿಗೆ ಓದಿಸಿದ್ದು ಕೆಲವನ್ನು ಮಾತ್ರ, ಅದೂ ಮೈದಾನದಲ್ಲಿ ಆ ಪರಿಸ್ಥಿತಿ ಎದುರಾದಾಗ.

ಚೆಂಡು ಕಳೆದುಹೋದರೆ ಹುಡುಕಲು ಮೂರೇ ನಿಮಿಷ. ಸಿಗದಿದ್ದರೆ, ಅಥವಾ ಗಡಿಯ ಬಿಳಿ ಗೂಟಗಳಾಚೆ ಹೋಗಿದ್ದರೆ, ಒಂದು ಹೊಡೆತ ದಂಡ ಸೇರಿಸಿ ಹಿಂದೆ ಹೊಡೆದ ಜಾಗದಿಂದಲೇ ಮತ್ತೆ. ಅಷ್ಟು ದೂರ ವಾಪಸು ನಡೆಯುವುದನ್ನು ತಪ್ಪಿಸಲು ಅನುಮಾನ ಬಂದ ಕೂಡಲೇ ಇನ್ನೊಂದು ಚೆಂಡನ್ನು ಹೊಡೆದಿಡಬಹುದು. ಆದರೆ ಹೊಡೆಯುವ ಮೊದಲು "ಪ್ರೊವಿಷನಲ್" (ತಾತ್ಕಾಲಿಕ) ಎಂದೋ, ಅದೇ ಅರ್ಥ ಸ್ಪಷ್ಟವಾಗುವಂತೆಯೋ ತಿಳಿಸಲೇಬೇಕು. ತಿಳಿಸದೆ ಹೊಡೆದರೆ ಎರಡನೆಯ ಚೆಂಡೇ ಲೆಕ್ಕದ ಚೆಂಡು. ಮೊದಲನೆಯದು ಕಣ್ಣೆದುರೇ ಬಿದ್ದಿದ್ದರೂ ಮುಟ್ಟುವಂತಿಲ್ಲ. ನಾಚಿಕೆಯ ಮಕ್ಕಳು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಮನೆಯಲ್ಲಿ ಗಟ್ಟಿಯಾಗಿ ಹೇಳಿಸಿ ಅಭ್ಯಾಸ ಮಾಡಿಸಿ.

ಕೆಂಪು ಗೂಟದ ನೀರಿಗೆ ಚೆಂಡು ಬಿದ್ದರೆ ಒಂದು ದಂಡದೊಂದಿಗೆ, ಅದು ಗೆರೆ ದಾಟಿದ ಜಾಗದಿಂದ ಕುಳಿಗೆ ಹತ್ತಿರವಾಗದಂತೆ ಎರಡು ಕೋಲಳತೆಯೊಳಗೆ ಡ್ರಾಪ್ ಮಾಡಬಹುದು. ಹಳದಿ ಗೂಟಕ್ಕೆ ಈ ಪಕ್ಕದ ಸೌಲಭ್ಯವಿಲ್ಲ. ಡ್ರಾಪ್ ಎಂದರೆ ಚೆಂಡನ್ನು ಮೊಣಕಾಲಿನ ಎತ್ತರದಿಂದ ಕೈಬಿಡುವುದು. ಹಳೆಯ ಆಟಗಾರರು ಇನ್ನೂ ಭುಜದೆತ್ತರ ಎಂದು ಹೇಳಿಕೊಡುತ್ತಾರೆ, ಕೇಳಬೇಡಿ. ಬಂಕರ್ ಎಂಬ ಮರಳಿನ ಹೊಂಡದಲ್ಲಿ ಹೊಡೆಯುವ ಮುನ್ನ ಚೆಂಡಿನ ಹಿಂದೆ ಮುಂದೆ ಕೋಲಿನಿಂದ ಮರಳು ಮುಟ್ಟಬಾರದು, ಮುಟ್ಟಿದರೆ ಎರಡು ದಂಡ. ಬೇರೆಯವರ ಚೆಂಡನ್ನು ಹೊಡೆದರೂ ಎರಡು. ಮುಂದಿನ ಹೋಲ್ ಶುರುವಾಗುವ ಮೊದಲು ತಿದ್ದಿಕೊಳ್ಳದಿದ್ದರೆ ಆಟದಿಂದಲೇ ಹೊರಗೆ. ಇದಕ್ಕೇ ಎಲ್ಲ ಚೆಂಡಿನ ಮೇಲೂ ಪೆನ್ನಿನಿಂದ ಗುರುತು ಇರಬೇಕು. ಮಗಳು ಪುಟ್ಟ ರಂಗೋಲಿ ಚುಕ್ಕಿ ಇಡುತ್ತಾಳೆ, ಮೂರರ ಮೂರು ಸಾಲು.

ನಿಯಮ ಗೊತ್ತಾಗದೆ ಗೊಂದಲವಾದರೆ? ಹೊಡೆತ ಎಣಿಸುವ ಟೂರ್ನಿಯಲ್ಲಿ ಎರಡು ಬಗೆಯಲ್ಲೂ ಒಂದೊಂದು ಚೆಂಡು ಆಡಿ ಹೋಲ್ ಮುಗಿಸಬಹುದು. ಯಾವುದು ಲೆಕ್ಕಕ್ಕೆ ಬರಬೇಕೆಂದು ಮಾರ್ಕರ್‌ಗೆ ಮೊದಲೇ ತಿಳಿಸಬೇಕು, ಕಾರ್ಡ್ ಒಪ್ಪಿಸುವ ಮೊದಲು ಸಮಿತಿಗೆ ಹೇಳಲೇಬೇಕು. ಎರಡೂ ಚೆಂಡಿನಲ್ಲಿ ಸಂಖ್ಯೆ ಒಂದೇ ಬಂದಿದ್ದರೂ ಹೇಳಬೇಕು. ಮಗುವಿಗೆ ಇದೊಂದು ಗೊತ್ತಿದ್ದರೆ ಉಳಿದ ಅರ್ಧ ಪುಸ್ತಕ ಗೊತ್ತಿಲ್ಲದಿದ್ದರೂ ಆ ದಿನ ದಾಟುತ್ತದೆ.

ಇನ್ನು ಕಾರ್ಡ್. ಪ್ರತಿ ಮಗುವೂ ಇನ್ನೊಂದು ಮಗುವಿನ ಕಾರ್ಡ್ ಬರೆಯುತ್ತದೆ, ಬರೆಯುವವರೇ ಮಾರ್ಕರ್. ಕೊನೆಗೆ ಇಬ್ಬರೂ ಸಹಿ ಹಾಕಿ ಒಪ್ಪಿಸಬೇಕು. ಕೂಡಿಸುವುದು ಸಮಿತಿಯ ಹೊಣೆ, ಪ್ರತಿ ಹೋಲ್‌ನ ಅಂಕಿ ಆಟಗಾರನ ಹೊಣೆ. ಆಡಿದ್ದಕ್ಕಿಂತ ಹೆಚ್ಚು ಬರೆದಿದ್ದರೆ ಆ ಹೆಚ್ಚೇ ಉಳಿಯುತ್ತದೆ. ಕಡಿಮೆ ಬರೆದಿದ್ದರೆ ಅನರ್ಹತೆ.

ಬೆಂಗಳೂರಿನಲ್ಲಿ ಅವಳ ಮೊದಲ ಎರಡು ದಿನಗಳ ಟೂರ್ನಿ. ಮೊದಲ ದಿನ ಬಿಸಿಲಿಗೆ ದಣಿದು, ಕಾರ್ಡಿನ ಮೇಲೆ ಕಣ್ಣಾಡಿಸಿ ಸಹಿ ಹಾಕಿದಳು. ರಾತ್ರಿ ಲಾಡ್ಜ್‌ನಲ್ಲಿ ತನ್ನ ನೋಟ್‌ಬುಕ್ ಬರೆಯುತ್ತಾ, ಫೋನಿನಲ್ಲಿ ತೆಗೆದಿಟ್ಟಿದ್ದ ಕಾರ್ಡಿನ ಫೋಟೋ ನೋಡಿ ತಟ್ಟನೆ ನಿಂತಳು. ಹದಿನಾಲ್ಕನೇ ಹೋಲ್‌ನಲ್ಲಿ ಆರು ಹೊಡೆದಿದ್ದಳು, ಕಾರ್ಡಿನಲ್ಲಿ ಐದು ಇತ್ತು. ಮಾರ್ಕರ್ ಹುಡುಗಿಯೂ ಹನ್ನೆರಡರವಳೇ, ಅವಳ ತಪ್ಪೆನ್ನಲಾಗದು. ಪಟ್ಟಿಯಲ್ಲಿ ಮಗಳ ಹೆಸರು ಮಧ್ಯದಲ್ಲಿತ್ತು. ಬಹುಮಾನದ ಮಾತೇ ಇರಲಿಲ್ಲ, ಯಾರಿಗೂ ಗೊತ್ತಾಗುವಂತಿರಲಿಲ್ಲ. ಲೆಕ್ಕ ಬರೆದೇ ಬದುಕುವ ನಾನು ಹತ್ತು ನಿಮಿಷ ಗೋಡೆ ನೋಡುತ್ತಾ ಕುಳಿತೆ. ಆ ಹತ್ತು ನಿಮಿಷದಲ್ಲಿ ಏನೇನು ಯೋಚಿಸಿದೆ ಎಂದು ಇಲ್ಲಿ ಬರೆಯುವುದಿಲ್ಲ. ಅಷ್ಟರಲ್ಲಿ ಅವಳು ಬೆಳಗ್ಗೆ ಏಳಕ್ಕೆ ಸಮಿತಿಯ ಕೋಣೆ ತೆರೆಯುತ್ತದೆಯೇ ಎಂದು ಕೇಳಿದಳು. ಹೋದಳು, ಹೇಳಿದಳು, ಅನರ್ಹಳಾದಳು. ಸಮಿತಿಯವರು ಮಾಡಿದ್ದು ನಿಯಮದ ಪ್ರಕಾರವೇ.

ಅಂದಿನಿಂದ ನಮ್ಮ ಕ್ರಮ ಹೀಗಿದೆ. ಮಾರ್ಕರ್ ಒಂದರಿಂದ ಹದಿನೆಂಟರವರೆಗೆ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾರೆ, ಮಗಳು ತಾನೇ ಬರೆದುಕೊಂಡ ಸಾಲಿನ ಮೇಲೆ ಬೆರಳಿಟ್ಟು ತಾಳೆ ನೋಡುತ್ತಾಳೆ. ನೀರು ಕುಡಿಯುವುದು ಆಮೇಲೆ, ನನ್ನ ಮುಖ ನೋಡುವುದು ಇನ್ನೂ ಆಮೇಲೆ. ಮನೆಯ ಮೈದಾನದ ಭಾನುವಾರದ ಆಟಕ್ಕೂ ಇದೇ.

ಹ್ಯಾಂಡಿಕ್ಯಾಪ್ ಎಂಬ ಲೆಕ್ಕ

ಹ್ಯಾಂಡಿಕ್ಯಾಪ್ ಎಂದರೆ ಆಟಗಾರನ ಮಟ್ಟ ಹೇಳುವ ಅಂಕಿ, ಕಡಿಮೆಯಿದ್ದಷ್ಟೂ ಒಳ್ಳೆಯದು. ಹೆಸರು ಕೇಳಿ ಹೆದರುವವರೇ ಹೆಚ್ಚು, ಬಡ್ಡಿ ಲೆಕ್ಕಕ್ಕಿಂತ ಸುಲಭ ಇದು. 2020ರಿಂದ ಜಗತ್ತಿನ ಬಹುಭಾಗದಲ್ಲಿ ಒಂದೇ ಪದ್ಧತಿ ಜಾರಿಯಲ್ಲಿದೆ. ಆರಂಭಕ್ಕೆ 54 ಹೋಲ್‌ಗಳ ಕಾರ್ಡ್ ಬೇಕು, ಅಂದರೆ ಮೂರು ಪೂರ್ತಿ ಸುತ್ತು ಅಥವಾ ಒಂಬತ್ತರ ಆರು ಸುತ್ತು. ಒಬ್ಬರೇ ಆಡಿದ್ದು ನಡೆಯುವುದಿಲ್ಲ, ಜೊತೆಗಿದ್ದವರ ಸಹಿ ಬೇಕು. ಮೈದಾನಕ್ಕೆ ಕೋರ್ಸ್ ರೇಟಿಂಗ್ ಮತ್ತು ಸ್ಲೋಪ್ ಎಂಬ, ಅದು ಎಷ್ಟು ಕಷ್ಟದ್ದೆಂದು ಹೇಳುವ ಎರಡು ಅಂಕಿಗಳು ನಿಗದಿಯಾಗಿರಬೇಕು.

ಉದಾಹರಣೆಗೆ ರೇಟಿಂಗ್ 70.2, ಸ್ಲೋಪ್ 120 ಇರುವ ಮೈದಾನದಲ್ಲಿ ಮಗು 98 ಹೊಡೆಯಿತು ಎನ್ನಿ. 98ರಿಂದ 70.2 ಕಳೆದರೆ 27.8. ಅದನ್ನು ಸಾಮಾನ್ಯ ಮೈದಾನದ ಸ್ಲೋಪ್ ಆದ 113ರಿಂದ ಗುಣಿಸಿ 120ರಿಂದ ಭಾಗಿಸಿ: 26.2. ಇನ್ನೆರಡು ಸುತ್ತಿನಲ್ಲಿ 28.9 ಮತ್ತು 24.5 ಬಂದರೆ, ಮೂರರಲ್ಲಿ ಕಡಿಮೆಯದಾದ 24.5ರಿಂದ ಎರಡು ಕಳೆದು 22.5. ಅದೇ ಆರಂಭದ ಹ್ಯಾಂಡಿಕ್ಯಾಪ್. ಕಾರ್ಡ್‌ಗಳು ಹೆಚ್ಚಾದಂತೆ ಸೂತ್ರ ಬದಲಾಗುತ್ತಾ, ಕೊನೆಗೆ ಇತ್ತೀಚಿನ 20ರಲ್ಲಿ ಉತ್ತಮ ಎಂಟರ ಸರಾಸರಿಗೆ ಬಂದು ನಿಲ್ಲುತ್ತದೆ. ಹೊಸಬರ ಒಂದು ಹೋಲ್‌ನ ಅಂಕಿ ಈ ಲೆಕ್ಕಕ್ಕೆ ಪಾರ್ ಮೇಲೆ ಐದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಒಂದು ಕೆಟ್ಟ ಹೋಲ್ ಇಡೀ ಲೆಕ್ಕ ಕೆಡಿಸದಿರಲಿ ಎಂದು. ಹ್ಯಾಂಡಿಕ್ಯಾಪ್ ಗರಿಷ್ಠ 54.

ಇದರ ಉಪಯೋಗ ಎರಡು. ಕೆಲವು ಟೂರ್ನಿಗಳು ಇಷ್ಟರೊಳಗೆ ಹ್ಯಾಂಡಿಕ್ಯಾಪ್ ಇದ್ದರಷ್ಟೇ ಹೆಸರು ತೆಗೆದುಕೊಳ್ಳುತ್ತವೆ. ಮತ್ತೆ, ಮಗು ಮುಂದೆ ಹೋಗುತ್ತಿದೆಯೋ ಇಲ್ಲವೋ ಎಂಬುದಕ್ಕೆ ಅಜ್ಜಿಯ ಅಭಿಪ್ರಾಯ, ಕೋಚ್‌ನ ಹೊಗಳಿಕೆ ಎರಡಕ್ಕಿಂತ ಇದು ನಂಬಲರ್ಹ. ದೊಡ್ಡ ಜೂನಿಯರ್ ಟೂರ್ನಿಗಳಲ್ಲಿ ಸ್ಥಾನ ನಿರ್ಧಾರವಾಗುವುದು ಸಾಮಾನ್ಯವಾಗಿ ಗ್ರಾಸ್ ಸ್ಕೋರ್ ಮೇಲೆ, ಅಲ್ಲಿ ಹ್ಯಾಂಡಿಕ್ಯಾಪ್‌ನ ರಿಯಾಯಿತಿ ಇರುವುದಿಲ್ಲ.

ಯಾವ ಟೂರ್ನಿ, ಯಾವಾಗ

ಮೊದಲ ಮೆಟ್ಟಿಲು ಮನೆಯ ಮೈದಾನದ ಭಾನುವಾರದ ಆಟ. ದೊಡ್ಡವರ ಜೊತೆಯಲ್ಲಾದರೂ ಸರಿ, ಕಾರ್ಡ್ ಬರೆದು ಸಹಿ ಹಾಕಿ ಆಡುವಂಥದ್ದು. ಎರಡನೆಯದು ಒಂಬತ್ತು ಹೋಲ್‌ಗಳ ಮಕ್ಕಳ ಸ್ಪರ್ಧೆ. ಯುಎಸ್ ಕಿಡ್ಸ್ ಮಾದರಿಯ ಸ್ಪರ್ಧೆಗಳಲ್ಲಿ ವಯಸ್ಸಿಗೆ ತಕ್ಕಂತೆ ಟೀ ಮುಂದಕ್ಕಿರುತ್ತದೆ, ಅಪ್ಪ ಅಥವಾ ಅವ್ವ ಕ್ಯಾಡಿಯಾಗಿ, ಅಂದರೆ ಚೀಲ ಹೊತ್ತು ಸಲಹೆ ಕೊಡುತ್ತಾ, ಜೊತೆಗಿರಬಹುದು. ಮೂರನೆಯದು ಇಂಡಿಯನ್ ಗಾಲ್ಫ್ ಯೂನಿಯನ್‌ನ ಜೂನಿಯರ್ ಟೂರ್ನಿಗಳು. ಇಲ್ಲಿ ವಯಸ್ಸಿನ ಮೇಲೆ ವರ್ಗಗಳಾಗಿ ವಿಂಗಡಿಸುತ್ತಾರೆ, ನೋಂದಣಿಗೆ ಜನನ ಪ್ರಮಾಣಪತ್ರ ಬೇಕು. ಶಾಲೆಯ ದಾಖಲೆಯಲ್ಲೂ ಜನನ ಪ್ರಮಾಣಪತ್ರದಲ್ಲೂ ಹುಟ್ಟಿದ ದಿನ ಬೇರೆ ಬೇರೆ ಇರುವುದು ನಮ್ಮ ಕಡೆ ಅಪರೂಪವಲ್ಲ. ಅದನ್ನು ಒಂದು ವರ್ಷ ಮೊದಲೇ ಸರಿಪಡಿಸಿಕೊಳ್ಳಿ.

ಮೂರನೆಯ ಮೆಟ್ಟಿಲಿಗೆ ಯಾವಾಗ ಏರಬೇಕು ಎಂದು ಎಲ್ಲರೂ ಕೇಳುತ್ತಾರೆ. ನನ್ನ ಅಳತೆ ಇದು: ಆ ಟೂರ್ನಿಯಲ್ಲಿ ಆಡಬೇಕಾದಷ್ಟೇ ದೂರದ ಟೀಯಿಂದ, ಒಂದೂ ಪಟ್ ಬಿಟ್ಟುಕೊಡದೆ, ನೂರರೊಳಗೆ ಮೂರು ಸಲ ಮುಗಿಸಿರಬೇಕು. ಅದಕ್ಕಿಂತ ಮೊದಲು ಹೋದರೆ ಮಗು ದಿನವಿಡೀ ಚೆಂಡು ಹುಡುಕುತ್ತದೆ, ಜೊತೆಯವರು ಕಾಯುತ್ತಾರೆ, ಕಾಯಿಸಿದ ಸಂಕೋಚ ಮಗುವಿನ ಮನಸ್ಸಿನಲ್ಲಿ ಸೋಲಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಒಂದೆರಡು ಸಲ ಗೆದ್ದು ಹೋದರೆ ಇನ್ನೂ ಒಳ್ಳೆಯದು. ಗೆಲ್ಲುವುದು ಸಹ ರೂಢಿಯಾಗಬೇಕಾದ ಸಂಗತಿಯೇ.

ಟೂರ್ನಿಯ ಷರತ್ತುಗಳ ಹಾಳೆಯನ್ನು ಮದುವೆ ಕಾಗದದಂತೆ ಮೇಲೆ ಮೇಲೆ ನೋಡಬೇಡಿ, ಕ್ರಯಪತ್ರದಂತೆ ಓದಿ. ಹೆಸರು ಕೊಡಲು ಕೊನೆಯ ದಿನ, ಎಷ್ಟು ಸುತ್ತು, ಹಿಂದುಳಿದವರನ್ನು ನಡುವೆಯೇ ಕೈಬಿಡುವ ಕಟ್ ಇದೆಯೇ, ಅಭ್ಯಾಸದ ಸುತ್ತಿಗೆ ಬೇರೆ ಹಣವೇ, ಕ್ಯಾಡಿಗೆ ಅವಕಾಶವಿದೆಯೇ, ದೂರ ಅಳೆಯುವ ಯಂತ್ರ ಬಳಸಬಹುದೇ. ಏರಿಳಿತ ಲೆಕ್ಕ ಹಾಕಿ ಹೇಳುವ ಯಂತ್ರವಾದರೆ ಆ ಸೌಲಭ್ಯವನ್ನು ಆಫ್ ಮಾಡಿಟ್ಟಿರಬೇಕು.

ಇಲ್ಲಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಗಳಿವೆ. ಬೆಂಗಳೂರಿನ ಅದಿತಿ ಅಶೋಕ್ ಐದನೇ ವಯಸ್ಸಿನಲ್ಲಿ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲಿ ಶುರುಮಾಡಿದವರು. 18ಕ್ಕೆ ರಿಯೊ ಒಲಿಂಪಿಕ್ಸ್, ಆಮೇಲೆ ಟೋಕಿಯೊದಲ್ಲಿ ನಾಲ್ಕನೇ ಸ್ಥಾನ. ರಿಯೊದಲ್ಲಿ ಚೀಲ ಹೊತ್ತದ್ದು ತಂದೆ, ಟೋಕಿಯೊದಲ್ಲಿ ತಾಯಿ. ಅನಿರ್ಬನ್ ಲಾಹಿರಿ ಸೇನಾ ವೈದ್ಯರ ಮಗ, ಆಟ ಕಲಿತದ್ದು ತಂದೆಯಿಂದ. ಬಿಡದಿ ಬಳಿಯ ಹಳ್ಳಿಯ ಚಿಕ್ಕರಂಗಪ್ಪ ಕ್ಯಾಡಿಯಾಗಿ ಮೈದಾನಕ್ಕೆ ಬಂದು ವೃತ್ತಿಪರರಾದವರು. ಮಗಳಿಗೆ ಹೆಚ್ಚು ಹಿಡಿಸಿದ್ದು ಈ ಮೂರನೆಯ ಕತೆ.

ಪ್ರಯಾಣ ಮತ್ತು ಖರ್ಚು

ಪ್ರವೇಶ ಶುಲ್ಕ ಎಲ್ಲಕ್ಕಿಂತ ಸಣ್ಣ ಖರ್ಚು. ಇಬ್ಬರ ರೈಲು, ಮೂರು ರಾತ್ರಿಯ ಲಾಡ್ಜ್, ಅಭ್ಯಾಸದ ಸುತ್ತು, ಮೈದಾನಕ್ಕೆ ಬೆಳಗಿನ ಜಾವದ ಟ್ಯಾಕ್ಸಿ, ಮುಚ್ಚಿದ ಅಂಗಡಿಯ ನಷ್ಟ. ವರ್ಷಕ್ಕೆ ಹೊರ ಊರಿನ ನಾಲ್ಕೇ ಟೂರ್ನಿ ಎಂದು ನಾವು ಗೆರೆ ಎಳೆದಿದ್ದೇವೆ. ವಾರ್ಷಿಕ ಪರೀಕ್ಷೆಯ ಹಿಂದೆಮುಂದೆ ಆರು ವಾರ ಯಾವುದೂ ಇಲ್ಲ. ಶಾಲೆಗೆ ಕೊಡುವ ರಜೆ ಅರ್ಜಿಯ ಜೊತೆ ಟೂರ್ನಿಯ ಹಾಳೆ ಲಗತ್ತಿಸಿದರೆ ಮುಖ್ಯೋಪಾಧ್ಯಾಯರು ಅಡ್ಡಿ ಹೇಳುವುದು ಕಡಿಮೆ.

ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು. ಕೋಲುಗಳ ತಲೆಗೆ ಸ್ವೆಟರ್ ಸುತ್ತಿ, ಚೀಲವನ್ನು ಕೆಳಗಿನ ಬರ್ತ್ ಅಡಿಯಲ್ಲಿ ಗೋಡೆಯ ಕಡೆಗೆ ತಳ್ಳಿ. ಕೆಳಗಿನ ಬರ್ತ್ ಸಿಗುವ ಹಾಗೆ ಬೇಗ ಬುಕ್ ಮಾಡುವುದೂ ಈ ಆಟದ ಒಂದು ಕೌಶಲ. ಅಭ್ಯಾಸದ ಸುತ್ತಿನಲ್ಲಿ ಸ್ಕೋರ್ ಬರೆಯಬೇಡಿ. ಊರಿನ ಗ್ರೀನ್‌ಗಿಂತ ಅಲ್ಲಿಯದು ಬೇಗ ಉರುಳಿದರೆ ಜಮಖಾನೆಯ ಪಾಠವೆಲ್ಲ ಒಮ್ಮೆಗೆ ಮರೆತಂತಾಗುತ್ತದೆ, ಆದ್ದರಿಂದ ಸಮಯವನ್ನೆಲ್ಲ ಗ್ರೀನ್ ಮೇಲೆ ಕಳೆಯಲಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಚೆನ್ನೈ, ಮಂಗಳೂರಿನಂಥ ಕರಾವಳಿ ಊರಿಗೆ ಹೋದರೆ ಅದೇ ಹೊಡೆತ ಕೆಲವು ಗಜ ಮೊದಲೇ ಬೀಳುತ್ತದೆ, ಒಂದು ದೊಡ್ಡ ಕೋಲು ಹಿಡಿಯಲು ಹೇಳಿ.

ಆ ದಿನ

ಒಂದು ಗಂಟೆ ಮೊದಲು ಮೈದಾನ ಸೇರಿ. ಮೊದಲು ಪಟಿಂಗ್, ಆಮೇಲೆ ಗ್ರೀನ್ ಪಕ್ಕದ ಸಣ್ಣ ಹೊಡೆತವಾದ ಚಿಪ್, ಕೊನೆಗೆ ಹದಿನೈದು ದೊಡ್ಡ ಹೊಡೆತ. ಆಟ ಶುರುಮಾಡಲು ಕೊಟ್ಟ ಹೊತ್ತಿಗಿಂತ ಐದು ನಿಮಿಷದೊಳಗಿನ ತಡಕ್ಕೆ ಎರಡು ದಂಡ, ಅದಕ್ಕಿಂತ ತಡವಾದರೆ ಅನರ್ಹತೆ. ಚೀಲದಲ್ಲಿ ನೀರು, ಬಾಳೆಹಣ್ಣು, ಎರಡು ಶೇಂಗಾ ಹೋಳಿಗೆ. ಐದು ಗಂಟೆ ನಡೆಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ನನಗೆ ಗೊತ್ತಿಲ್ಲ. ಕುಂದಾ ಕಟ್ಟಿಕೊಟ್ಟು ಒಮ್ಮೆ ಕೆಟ್ಟೆ, ಇರುವೆ ಚೀಲಕ್ಕೆ ಮುತ್ತಿತು. ತನ್ನ ಸರದಿ ಬಂದ ಮೇಲೆ 40 ಸೆಕೆಂಡಿನೊಳಗೆ ಹೊಡೆಯಬೇಕೆಂಬುದು ನಿಯಮಪುಸ್ತಕದ ಸಲಹೆ. ಸೈರನ್ ಕೂಗಿದರೆ ಸಿಡಿಲಿನ ಸೂಚನೆ, ಆ ಕ್ಷಣವೇ ಆಟ ನಿಲ್ಲಿಸಿ ಒಳಗೆ ಬರಬೇಕು.

ಇನ್ನು ನೀವು. ಟೂರ್ನಿ ಅನುಮತಿಸಿದರೆ ದೂರದಲ್ಲಿ, ಮರಗಳ ಸಾಲಿನಲ್ಲಿ ನಡೆಯಿರಿ. ಕ್ಯಾಡಿಯಲ್ಲದ ಯಾರನ್ನಾದರೂ ಮಗು "ಯಾವ ಕೋಲು?" ಎಂದು ಕೇಳಿದರೆ ಎರಡು ಹೊಡೆತದ ದಂಡ. ಕೇಳದೆ ನೀವೇ ಕೈಸನ್ನೆ ಮಾಡಿದರೂ ಅನುಮಾನ ಬೀಳುವುದು ಮಗುವಿನ ಮೇಲೆ. ಚೆಂಡು ತಪ್ಪಿದಾಗ ಮಕ್ಕಳು ಮೊದಲು ತಿರುಗಿ ನೋಡುವುದು ಅಪ್ಪನ ಮುಖವನ್ನು. ನಾನು ಎರಡನೇ ಟೂರ್ನಿಯಿಂದ ಒಂದೊಂದು ಹೋಲ್ ಮುಂದೆ ಹೋಗಿ ನಿಲ್ಲುತ್ತೇನೆ. ಅಲ್ಲಿಂದ ಬೀಳುವ ಚೆಂಡು ಕಾಣುತ್ತದೆ, ನನ್ನ ಮುಖ ಅವಳಿಗೆ ಕಾಣುವುದಿಲ್ಲ.

ಲೋಂಡಾ ದಾಟುವವರೆಗೆ

ವಾಪಸು ದಾರಿಗೆ ನಮ್ಮ ಮನೆಯಲ್ಲೊಂದು ಕಾನೂನು ಇದೆ. ರೈಲು ಲೋಂಡಾ ದಾಟುವವರೆಗೆ ಸ್ಕೋರ್ ಮಾತು ಇಲ್ಲ. ಬೆಂಗಳೂರಿನಲ್ಲಿ ಹತ್ತಿದ ಕೂಡಲೇ "ಆ ಏಳನೇ ಹೋಲ್‌ನಲ್ಲಿ ಯಾಕೆ ಹಾಗೆ ಮಾಡಿದೆ" ಎಂದು ಶುರುಮಾಡಿ, ಎದುರಿನ ಬರ್ತ್‌ನ ಅಜ್ಜಿಯಿಂದ ಬೈಸಿಕೊಂಡ ಮೇಲೆ ಮಾಡಿಕೊಂಡ ಕಾನೂನು. ಲೋಂಡಾದ ಕಾಡು ಬರುವಷ್ಟರಲ್ಲಿ ರಾತ್ರಿ ಕಳೆದಿರುತ್ತದೆ, ನಿದ್ದೆಯಾಗಿರುತ್ತದೆ, ಸಿಟ್ಟು ಇಬ್ಬರದೂ ಇಳಿದಿರುತ್ತದೆ.

ಲೋಂಡಾದಿಂದ ಖಾನಾಪುರದ ನಡುವೆ ಅವಳೇ ನೋಟ್‌ಬುಕ್ ತೆಗೆಯುತ್ತಾಳೆ. ಪ್ರತಿ ಸುತ್ತಿಗೆ ನಾಲ್ಕೇ ಅಂಕಿ: ಒಟ್ಟು ಪಟ್ ಎಷ್ಟು, ಮೂರು ಪಟ್ ಆದ ಹೋಲ್ ಎಷ್ಟು, ದಂಡದ ಹೊಡೆತ ಎಷ್ಟು, ಗ್ರೀನ್ ಪಕ್ಕದಿಂದ ಎರಡರಲ್ಲಿ ಮುಗಿಸಿದ್ದು ಎಷ್ಟು ಸಲ. ಸ್ವಿಂಗ್ ಬಗ್ಗೆ ಒಂದಕ್ಷರವಿಲ್ಲ, ಅದು ಕೋಚ್‌ನ ಇಲಾಖೆ. ನಾಲ್ಕರಲ್ಲಿ ಅತಿ ಕೆಟ್ಟದ್ದು ಯಾವುದೋ ಅದೊಂದೇ ಮುಂದಿನ ತಿಂಗಳ ಅಭ್ಯಾಸ. ಎರಡನ್ನು ಒಟ್ಟಿಗೆ ಹಿಡಿದಾಗ ಎರಡೂ ಸುಧಾರಿಸಿದ್ದನ್ನು ನಾನು ಕಂಡಿಲ್ಲ.

ಕಳೆದ ಸಲ ಮೂರು ಪಟ್ ಆದ ಹೋಲ್‌ಗಳು ಏಳು. ಅವಳು ಅದನ್ನು ನೋಡಿ, ಕಿಟಕಿಯಾಚೆ ಒಮ್ಮೆ ನೋಡಿ ಕೇಳಿದಳು: "ಅಪ್ಪಾ, ಜಮಖಾನೆ ಒಗೆಯಲು ಹಾಕಿದ್ದಾರೇನು, ಇಲ್ಲ ತಾನೆ?"